ಅಗ್ಗದ ಚಾರಣ ಸಾಮಗ್ರಿ: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು



ಗುಡ್ಡ ಹತ್ತುವುದು ನಮಗೆ ಹೊಸದೇನೂ ಅಲ್ಲ. ಸಂಜೆ ಕೊಟ್ಟಿಗೆಗೆ ಬಾರದ ದನವನ್ನು ಹುಡುಕಿಕೊಂಡು, ಸೊಪ್ಪು ದರಕು ತರಲು, ಅಬ್ಬಿ ನೀರಿನ ಪೈಪು ಸರಿಮಾಡಲು ನಾವೆಲ್ಲ ಬೆಟ್ಟ ಹತ್ತಿ ಇಳಿದವರೇ. ಆಗ ಅದಕ್ಕೆ ಚಾರಣವೆಂಬ ಹೆಸರೂ ಇರಲಿಲ್ಲ, ಬೇರೆ ಉಡುಪೂ ಇರಲಿಲ್ಲ. ತಲೆಯ ಮೇಲೊಂದು ಕಂಬಳಿಕೊಪ್ಪೆ, ಕೈಯಲ್ಲೊಂದು ಕತ್ತಿ ಇದ್ದರೆ ಸಾಕಾಗುತ್ತಿತ್ತು. ಈಗ ನಮ್ಮ ಮಕ್ಕಳು ರಜೆಗೆ ಬೆಂಗಳೂರಿನಿಂದ ಬರುವಾಗ ಬೆನ್ನಿಗೆ ದೊಡ್ಡ ಚೀಲ ಹೊತ್ತು, ಜೊತೆಗೆ ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಬರುತ್ತಾರೆ. ಮರುದಿನವೇ ಕುಮಾರಪರ್ವತ, ತಡಿಯಂಡಮೋಳ್, ಕುದುರೆಮುಖ ಎಂದು ಹೊರಡುತ್ತಾರೆ. ಹೋಂಸ್ಟೇ ನಡೆಸುವ ಸದಸ್ಯರಂತೂ ಅತಿಥಿಗಳಿಗಾಗಿ ತಾವೇ ಈ ಸಾಮಾನು ಖರೀದಿಸಿ ಇಟ್ಟುಕೊಳ್ಳತೊಡಗಿದ್ದಾರೆ. ಅಗ್ಗದ ಅಂಗಡಿಯಲ್ಲಿ ಏನು ಕೊಳ್ಳಬಹುದು, ಏನು ಕೊಳ್ಳಬಾರದು ಎಂದು ಸಂಘದ ಕಛೇರಿಗೆ ಬಂದವರು ಕೇಳುವುದುಂಟು. ಅದಕ್ಕೆ ಉತ್ತರವಾಗಿ ಈ ನಾಲ್ಕು ಮಾತು.

ಇದನ್ನು ಬರೆಯಲು ನನಗೆ ಬೇರೊಂದು ಕಾರಣವೂ ಇದೆ. ಅದನ್ನು ಮೊದಲೇ ಹೇಳಿಬಿಡುವುದು ಲೇಸು. ಹೋದ ವರ್ಷ ಅಕ್ಟೋಬರಿನಲ್ಲಿ ನನ್ನ ತಮ್ಮನ ಮಗ ಮೂವರು ಗೆಳೆಯರೊಡನೆ ಕುಕ್ಕೆಯ ಕಡೆಯಿಂದ ಕುಮಾರಪರ್ವತ ಹತ್ತಿದ. ಮಧ್ಯಾಹ್ನ ಗಾಳಿಯೊಡನೆ ಮಳೆ ಹೊಡೆಯಿತು. ಇಳಿಯುವ ದಾರಿಯಲ್ಲಿ ಅವನ ಬಲಗಾಲಿನ ಶೂವಿನ ಅಟ್ಟೆ ಪೂರ್ತಿ ಕಳಚಿ ಬಿತ್ತು; ಅರ್ಧ ಮೈಲಿ ಹೋಗುವಷ್ಟರಲ್ಲಿ ಎಡಗಾಲಿನದೂ ಹೋಯಿತು. ಟವೆಲು ಹರಿದು ಕಾಲಿಗೆ ಸುತ್ತಿಕೊಂಡು ನಡೆದದ್ದರಿಂದ ಇಡೀ ಗುಂಪಿನ ನಡಿಗೆ ನಿಧಾನವಾಯಿತು. ಅವರಲ್ಲಿ ಜೀನ್ಸ್ ಪ್ಯಾಂಟು ಹಾಕಿದ್ದ ಹುಡುಗನೊಬ್ಬ ನೆನೆದು ನಡುಗತೊಡಗಿದ. ಕತ್ತಲಾಗುವ ಹೊತ್ತಿಗೆ ಅವನ ಮಾತು ತೊದಲುತ್ತಿತ್ತು. ಹಿಂದಿನಿಂದ ಬಂದ ಮತ್ತೊಂದು ತಂಡದವರ ಬಳಿ ಒಣ ಬಟ್ಟೆಯೂ ಫ್ಲಾಸ್ಕಿನಲ್ಲಿ ಚಹವೂ ಇದ್ದುದರಿಂದ ಎಲ್ಲರೂ ಕ್ಷೇಮವಾಗಿ ಕೆಳಗಿಳಿದರು. ಆ ಶೂ ಕೊಡಿಸಿದವನು ನಾನು. ಮೂರು ವರ್ಷದ ಹಿಂದೆ ಪೇಟೆಯ ಅಂಗಡಿಯೊಂದರಲ್ಲಿ ನೂರಕ್ಕೆ ಎಪ್ಪತ್ತು ರಿಯಾಯಿತಿಯಲ್ಲಿ ತಂದು, ಎಂಥ ವ್ಯಾಪಾರ ಮಾಡಿದೆ ನೋಡಿ ಎಂದು ಮನೆಯವರಿಗೆಲ್ಲ ತೋರಿಸಿ, ಡಬ್ಬದಲ್ಲೇ ಅಟ್ಟದ ಮೇಲೆ ಇಟ್ಟಿದ್ದೆ. ಹೊರನೋಟಕ್ಕೆ ಹೊಚ್ಚ ಹೊಸದಾಗಿಯೇ ಇತ್ತು.

ನಮ್ಮ ಸಂಘದಲ್ಲಿ ಮೈಲುತುತ್ತಿಗೋ ಸುಣ್ಣಕ್ಕೋ ದರಪಟ್ಟಿ ಕರೆದಾಗ ನಾವು ಕಡಿಮೆ ದರ ಎಂಬ ಒಂದೇ ಕಾರಣಕ್ಕೆ ಒಪ್ಪುವುದಿಲ್ಲ, ಮಾದರಿ ನೋಡುತ್ತೇವೆ. ಬೋರ್ಡೋ ದ್ರಾವಣ ಕೆಟ್ಟರೆ ಕೊಳೆರೋಗಕ್ಕೆ ಒಂದು ವರ್ಷದ ಫಸಲೇ ಹೋಗುತ್ತದೆಂಬುದು ನಮಗೆ ಗೊತ್ತು. ಚಾರಣದ ಸಾಮಾನಿಗೂ ಇದೇ ಲೆಕ್ಕ. ವಸ್ತುವಿನ ಬೆಲೆ ಎಷ್ಟು ಎನ್ನುವುದಕ್ಕಿಂತ ಮೊದಲು, ಮನೆಯಿಂದ ಹತ್ತು ಮೈಲಿ ದೂರದಲ್ಲಿ, ಮಳೆಯಲ್ಲಿ, ಅದು ಕೈಕೊಟ್ಟರೆ ಏನಾಗುತ್ತದೆ ಎಂದು ಕೇಳಿಕೊಳ್ಳಬೇಕು. ತಟ್ಟೆ ಒಡೆದರೆ ಎಲೆಯಲ್ಲಿ ಉಣ್ಣಬಹುದು. ಶೂ ಕಿತ್ತರೆ, ದೀಪ ಆರಿದರೆ, ಮೈ ನೆನೆದು ತಣ್ಣಗಾದರೆ ಪ್ರಾಣಕ್ಕೇ ಸಂಚಕಾರ. ಹಣವಿರುವುದು ಮಿತವಾಗಿದ್ದರೆ ಅದನ್ನೆಲ್ಲ ಈ ಮೂರರ ಮೇಲೆ ಹಾಕಿ, ಉಳಿದದ್ದರಲ್ಲಿ ಧಾರಾಳವಾಗಿ ಉಳಿಸಬಹುದು.

1. ರಿಯಾಯಿತಿ ಎಲ್ಲಿಂದ ಬರುತ್ತದೆ?

ಎಲ್ಲ ಅಗ್ಗವೂ ಒಂದೇ ಬಗೆಯದಲ್ಲ. ಸ್ಥೂಲವಾಗಿ ಇದರಲ್ಲಿ ನಾಲ್ಕು ಬಗೆ.

ಮೊದಲನೆಯದು, ತಯಾರಕರೇ ಮಾರುವುದರಿಂದ ಬರುವ ಅಗ್ಗ. ಫ್ರಾನ್ಸಿನಲ್ಲಿ 1976ರಲ್ಲಿ ಆರಂಭವಾದ ಡೆಕಾತ್ಲಾನ್ ಸಂಸ್ಥೆ ಇದಕ್ಕೆ ಉದಾಹರಣೆ. ತನ್ನದೇ ಹೆಸರುಗಳಲ್ಲಿ ಮಾಲು ತಯಾರು ಮಾಡಿಸಿ ತನ್ನದೇ ಮಳಿಗೆಗಳಲ್ಲಿ ಮಾರುವುದರಿಂದ ನಡುವಿನವರ ಲಾಭ ಉಳಿಯುತ್ತದೆ. ಇದು ನಮ್ಮ ಸಹಕಾರ ಸಂಘಗಳೂ ಬಲ್ಲ ತತ್ವವೇ. ಇಂಥ ಕಡೆಯೂ ಒಂದೇ ವಸ್ತುವಿನಲ್ಲಿ ಮೂರು ನಾಲ್ಕು ದರ್ಜೆ ಇರುತ್ತವೆ. ಅತಿ ಕೆಳಗಿನದು ಒಣಹವೆಯ ಲಘು ನಡಿಗೆಗೆಂದೇ ಮಾಡಿದ್ದಿರುತ್ತದೆ.

ಎರಡನೆಯದು, ಬಣ್ಣ ಹಳೆಯದಾಯಿತು, ಅಳತೆ ಮುರಿದಿದೆ ಎಂದು ತೀರಿಸುವ ಮಾಲು. ಚೀಲ, ಅಂಗಿ, ಟೋಪಿ ಮುಂತಾದವಕ್ಕೆ ಇದಕ್ಕಿಂತ ಒಳ್ಳೆಯ ಖರೀದಿ ಇಲ್ಲ. ಬಣ್ಣ ಬೆಟ್ಟಕ್ಕೆ ಬೇಕಾಗಿಲ್ಲ.

ಮೂರನೆಯದು, ‘ಸೆಕೆಂಡ್ಸ್’ ಎಂದು ಕರೆಯುವ ದೋಷವುಳ್ಳ ಮಾಲು. ದೋಷ ಎಲ್ಲಿದೆಯೆಂದು ಕಣ್ಣಿಗೆ ಕಂಡರೆ ಕೊಳ್ಳಬಹುದು. ಕಾಣದಿದ್ದರೆ ಬಿಡುವುದು ಒಳಿತು. ಕಾಣದ ದೋಷ ಸಾಮಾನ್ಯವಾಗಿ ಹೊಲಿಗೆಯಲ್ಲೋ ಅಂಟಿನಲ್ಲೋ ಇರುತ್ತದೆ.

ನಾಲ್ಕನೆಯದು, ಬಹುಕಾಲ ಗೋದಾಮಿನಲ್ಲಿ ಬಿದ್ದಿದ್ದ ಮಾಲು. ನಾನು ಎಡವಿದ್ದು ಇಲ್ಲಿ. ಪೊಟ್ಟಣದಲ್ಲಿ ಮಾರುವ ಸರಕಿನ ಮೇಲೆ ತಯಾರಾದ ತಿಂಗಳು ಮತ್ತು ವರ್ಷ, ತಯಾರಕರ ಅಥವಾ ಆಮದುದಾರರ ವಿಳಾಸ, ಗರಿಷ್ಠ ಮಾರಾಟ ಬೆಲೆ ಇರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆ. ನಾವು ಬೆಲೆಯನ್ನಷ್ಟೇ ನೋಡುತ್ತೇವೆ, ತಾರೀಖು ನೋಡುವುದಿಲ್ಲ. ಕೀಟನಾಶಕದ ಡಬ್ಬಿಯ ತಾರೀಖು ನೋಡುವವರು ಶೂವಿನ ಡಬ್ಬದ ತಾರೀಖನ್ನೂ ನೋಡಬೇಕು.

2. ಪಾದರಕ್ಷೆ

ಚಾರಣದ ಶೂವಿನಲ್ಲಿ ಕೆಳಗಿನ ಗಟ್ಟಿ ರಬ್ಬರಿಗೂ ಮೇಲಿನ ಭಾಗಕ್ಕೂ ನಡುವೆ ಒಂದು ಮೆತ್ತನೆಯ ಪದರವಿರುತ್ತದೆ. ಅನೇಕ ಶೂಗಳಲ್ಲಿ ಇದು ಪಾಲಿಯುರಿಥೇನ್ ಎಂಬ ವಸ್ತುವಿನದು. ಗಾಳಿಯಲ್ಲಿರುವ ತೇವ ಈ ವಸ್ತುವಿನೊಡನೆ ನಿಧಾನವಾಗಿ ರಾಸಾಯನಿಕ ಕ್ರಿಯೆ ನಡೆಸಿ ಅದನ್ನು ಪುಡಿಪುಡಿ ಮಾಡುತ್ತದೆ. ಶೂ ಬಳಸಲಿ, ಬಳಸದೆ ಇಡಲಿ, ಈ ಕ್ರಿಯೆ ನಡೆಯುತ್ತಲೇ ಇರುತ್ತದೆ; ಸೆಖೆಯೂ ತೇವವೂ ಕೂಡಿದಲ್ಲಿ ಬೇಗ ನಡೆಯುತ್ತದೆ. ಆಗುಂಬೆಯ ಸುತ್ತ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿನಷ್ಟು ಮಳೆ. ಅಂಥ ಸೀಮೆಯ ಅಟ್ಟದ ಮೇಲೆ ಡಬ್ಬದಲ್ಲಿ ಕಟ್ಟಿಟ್ಟ ಶೂ ಹಾಗೇ ಉಳಿಯುವುದೆಂದು ನಂಬಿದ್ದು ನನ್ನ ತಪ್ಪು.

ಆದುದರಿಂದ ಶೂ ಕೊಳ್ಳುವಾಗ ಈ ಪರೀಕ್ಷೆಗಳನ್ನು ಮಾಡಬೇಕು. ತಯಾರಿಕೆಯ ವರ್ಷ ನೋಡಿ, ಹಳೆಯದಾದರೆ ಎಷ್ಟೇ ಅಗ್ಗವಾದರೂ ಬಿಡಿ. ನಡುವಿನ ಪದರವನ್ನು ಉಗುರಿನಿಂದ ಒತ್ತಿ. ಬಿರುಕು ಬಿಟ್ಟರೆ ಅಥವಾ ಪುಡಿ ಉದುರಿದರೆ ಅದು ಮುಗಿದ ಶೂ. ಪದರ ಇವಿಎ ಎಂಬ ಫೋಮಿನದಾಗಿದ್ದರೆ ತೇವದಿಂದ ಹೀಗೆ ಪುಡಿಯಾಗುವ ಭಯವಿಲ್ಲ. ಆದರೆ ಬಹಳ ನಡೆದ ಮೇಲೆ ಅದು ಚಪ್ಪಟೆಯಾಗುತ್ತದೆ. ಶೂವನ್ನು ಬಗ್ಗಿಸಿ ನೋಡಿ: ಬೆರಳುಗಳ ಬುಡದಲ್ಲಿ ಬಗ್ಗಬೇಕೇ ಹೊರತು ನಟ್ಟನಡುವೆ ಮಡಿಚಿಕೊಳ್ಳಬಾರದು. ಅಟ್ಟೆಯ ಹಲ್ಲು ಆಳವಾಗಿದ್ದು, ನಡುವೆ ಕೆಸರು ಜಾರಿಹೋಗುವಷ್ಟು ಅಂತರವಿರಲಿ. ಸಂಜೆಯ ಹೊತ್ತು ಅಳತೆ ನೋಡಿ, ಏಕೆಂದರೆ ನಡೆದು ದಣಿದ ಕಾಲು ಸ್ವಲ್ಪ ಊದಿರುತ್ತದೆ. ಬೆಟ್ಟಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು, ಇಳಿಜಾರಿನಲ್ಲಿ ನಿಂತು ನೋಡಿ; ಬೆರಳು ಮುಂದಕ್ಕೆ ತಾಗಿದರೆ ಇಳಿಯುವಾಗ ಉಗುರು ಕಪ್ಪಾಗುವುದು ಖಂಡಿತ. ಹೊಸ ಶೂವನ್ನು ನೇರವಾಗಿ ಬೆಟ್ಟಕ್ಕೆ ಒಯ್ಯದೆ ಹದಿನೈದು ದಿನ ತೋಟದಲ್ಲಿ ಓಡಾಡಿ ಪಳಗಿಸಿಕೊಳ್ಳಿ. ಕೈಕೊಡುವುದಿದ್ದರೆ ತೋಟದಲ್ಲೇ ಕೈಕೊಡಲಿ.

ಬೆಲೆಯ ಲೆಕ್ಕವನ್ನೂ ಸರಿಯಾಗಿ ಹಾಕಬೇಕು. ಒಂದು ಶೂ 900 ರೂಪಾಯಿ, ಒಂದೇ ವರ್ಷ ಬಂತೆಂದಿಟ್ಟುಕೊಳ್ಳಿ. ಇನ್ನೊಂದು 2,800 ರೂಪಾಯಿ, ನಾಲ್ಕು ವರ್ಷ ಬಂತು. ಎರಡನೆಯದರ ವರ್ಷದ ಖರ್ಚು 700 ರೂಪಾಯಿ. ಔಷಧಿ ಹೊಡೆಯುವ ಪಂಪು ಕೊಳ್ಳುವಾಗ ನಾವು ಹಾಕುವ ಲೆಕ್ಕ ಇದೇ.

ಉಂಬಳದ ಕಾಟಕ್ಕೆ ಬಿಗಿಯಾಗಿ ನೇಯ್ದ ಬಟ್ಟೆಯ, ಮೊಣಕಾಲಿನವರೆಗೆ ಬರುವ ಕಾಲುಚೀಲ ಸಿಗುತ್ತದೆ. ಇದರಲ್ಲಿ ದುಬಾರಿಯದು ಬೇಕಿಲ್ಲ. ನೇಯ್ಗೆ ಒತ್ತಾಗಿದ್ದರೆ ಸಾಕು. ಬೆಳಕಿಗೆ ಹಿಡಿದಾಗ ಕಿಂಡಿ ಕಾಣಬಾರದು. ಇದನ್ನು ನಮ್ಮ ಊರಿನ ದರ್ಜಿಯೂ ಹೊಲಿದುಕೊಡಬಲ್ಲ.

3. ಮಳೆ ಮತ್ತು ಚಳಿ

ಕಾಫಿ ಒಣಗಿಸಲು ಟಾರ್ಪಾಲು ಕೊಳ್ಳುವಾಗ ನಾವು ಜಿಎಸ್‌ಎಂ ಎಷ್ಟೆಂದು ಕೇಳುತ್ತೇವೆ. ಮಳೆ ಅಂಗಿಗೂ ಡೇರೆಗೂ ಅಂಥದೇ ಒಂದು ಅಂಕಿಯುಂಟು, ಅದನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಂತರೆ ಅದು ಜಿನುಗುತ್ತದೆ ಎಂಬುದರ ಅಳತೆ ಅದು. 1,500 ಮಿಲಿಮೀಟರಿನದು ಸಾಧಾರಣ ಮಳೆಗೆ ಸಾಕು. ಗಂಟೆಗಟ್ಟಲೆ ಸುರಿಯುವ ನಮ್ಮ ಮಳೆಯಲ್ಲಿ, ಹೆಗಲ ಮೇಲೆ ಚೀಲದ ಪಟ್ಟಿ ಒತ್ತುತ್ತಿರುವಾಗ, ಅದು ಸೋರುತ್ತದೆ. ಅಂಕಿಯ ಜೊತೆಗೆ ಹೊಲಿಗೆಯನ್ನೂ ನೋಡಬೇಕು. ಅಂಗಿಯನ್ನು ಒಳಮಗ್ಗುಲು ತಿರುಗಿಸಿ, ಹೊಲಿಗೆಯ ಉದ್ದಕ್ಕೂ ಪಟ್ಟಿ ಅಂಟಿಸಿದೆಯೇ ಎಂದು ಪರೀಕ್ಷಿಸಿ. ಪಟ್ಟಿ ಇಲ್ಲದಿದ್ದರೆ ಸೂಜಿಯ ಪ್ರತಿಯೊಂದು ತೂತೂ ನೀರಿಗೆ ಬಾಗಿಲು.

ಹಣ ಕಡಿಮೆಯಿದ್ದರೆ, ಅಂಕಿ ಅಂಶ ಯಾವುದೂ ಇಲ್ಲದ ಅಗ್ಗದ ‘ವಾಟರ್‌ಪ್ರೂಫ್’ ಜಾಕೆಟ್ಟಿಗಿಂತ ಚೀಲವನ್ನೂ ಸೇರಿಸಿ ಮುಚ್ಚುವ ಸಾದಾ ಪೊಂಚೋ ಮೇಲು. ಅದರೊಳಗೆ ಬೆವರುವುದು ನಿಜ, ಆದರೆ ನೀರು ಒಳಗೆ ಬರುವುದಿಲ್ಲ. ಗಾಳಿಗೆ ಹಾರದಂತೆ ಸೊಂಟಕ್ಕೊಂದು ಹಗ್ಗ ಕಟ್ಟಿಕೊಳ್ಳಬೇಕು.

ಚಳಿಯ ವಿಷಯದಲ್ಲಿ ನಮ್ಮವರು ಮೋಸಹೋಗುವುದು ಹೆಚ್ಚು. ಹಿಮ ಬೀಳುವ ದೇಶದಲ್ಲಿ ಮಾತ್ರ ಚಳಿಗೆ ಜನ ಸಾಯುತ್ತಾರೆಂಬ ಭಾವನೆ ತಪ್ಪು. ಎತ್ತರ ಸಾವಿರ ಮೀಟರು ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕುಮಾರಪರ್ವತದ ಎತ್ತರ 1,712 ಮೀಟರು. ಕುಕ್ಕೆಯಲ್ಲಿ ಬೆವರುವವನಿಗೆ ತುದಿಯಲ್ಲಿ ಹತ್ತು ಡಿಗ್ರಿಯಷ್ಟು ಕಡಿಮೆ. ಅದರ ಮೇಲೆ ಒದ್ದೆ ಬಟ್ಟೆ ಮತ್ತು ಗಾಳಿ. ನೀರು ಮೈಯ ಶಾಖವನ್ನು ಒಣಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಎಳೆದುಕೊಳ್ಳುತ್ತದೆ. ಮೈಯೊಳಗಿನ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಪಾಯ. ನಡುಕ, ತೊದಲು ಮಾತು, ಎಡವುವುದು, ಗುಂಡಿ ಹಾಕಿಕೊಳ್ಳಲೂ ಬೆರಳು ಕೇಳದಿರುವುದು ಇದರ ಲಕ್ಷಣಗಳು. ಮೈ ಬೆಚ್ಚಗಾಗದೆಯೇ ನಡುಕ ನಿಂತರೆ ಅದು ಸುಧಾರಣೆಯಲ್ಲ, ರೋಗ ಬಲಿತಿದೆ ಎಂದು ಅರ್ಥ. ಅಂಥವರನ್ನು ಗಾಳಿಯ ಮರೆಗೆ ತಂದು, ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ಹೊದಿಸಿ, ಪ್ರಜ್ಞೆಯಿದ್ದರೆ ಸಕ್ಕರೆ ಹಾಕಿದ ಬಿಸಿ ಪಾನೀಯ ಕುಡಿಸಬೇಕು. ಮದ್ಯ ಕೂಡದು. ಆಮೇಲೆ ತಡಮಾಡದೆ ವೈದ್ಯರಲ್ಲಿಗೆ ತಲುಪಿಸಬೇಕು.

ಆದುದರಿಂದ ಜೀನ್ಸ್ ಮತ್ತು ಹತ್ತಿ ಬನೀನು ಬೆಟ್ಟಕ್ಕೆ ಬೇಡ. ಹತ್ತಿ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಸಂತೋಷದ ಸಂಗತಿಯೆಂದರೆ, ಬೇಗ ಒಣಗುವ ಪಾಲಿಯೆಸ್ಟರ್ ಅಂಗಿ ಎಲ್ಲಕ್ಕಿಂತ ಅಗ್ಗ. ಫುಟ್ಬಾಲ್ ಆಡುವ ಜೆರ್ಸಿ ಸಾಕು. ಉಣ್ಣೆಯೋ ಫ್ಲೀಸೋ ಒಂದು ಮೇಲಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಣಗಿದಂತೆಯೇ ಕಟ್ಟಿಡಬೇಕು. ನೆನೆದರೂ ಉಣ್ಣೆ ಒಂದಿಷ್ಟು ಬೆಚ್ಚಗಿಡುತ್ತದೆ. ಹಿರಿಯರು ಕಂಬಳಿಯನ್ನು ಬಿಟ್ಟು ಮಳೆಗೆ ಹೊರಡುತ್ತಿರಲಿಲ್ಲ, ಅದರಲ್ಲಿ ಅರ್ಥವಿತ್ತು.

ಮಲಗುವ ಚೀಲ ಕೊಳ್ಳುವವರು ಅದರ ಮೇಲಿನ ಉಷ್ಣತೆಯ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂದು ಮೂರು ಅಂಕಿ ಇರುತ್ತವೆ. ಅಗ್ಗದ ಮಾಲಿನಲ್ಲಿ ಕೊನೆಯದನ್ನೇ ದಪ್ಪ ಅಕ್ಷರದಲ್ಲಿ ಹಾಕುವುದುಂಟು. ಅದು ಸುಖನಿದ್ರೆಯ ಅಂಕಿಯಲ್ಲ, ಹೇಗೋ ಜೀವ ಉಳಿಸಿಕೊಳ್ಳುವ ಅಂಕಿ. ಕಂಫರ್ಟ್ ಅಂಕಿಯನ್ನು ನೋಡಿಯೇ ಕೊಳ್ಳಿ. ನಮ್ಮ ತೇವದ ಹವೆಗೆ ಹಕ್ಕಿಯ ತುಪ್ಪುಳಿನ ಚೀಲಕ್ಕಿಂತ ಕೃತಕ ನೂಲು ತುಂಬಿದ್ದು ಒಳ್ಳೆಯದು. ತುಪ್ಪುಳು ನೆನೆದರೆ ಮುದ್ದೆಯಾಗಿ ನಿಷ್ಪ್ರಯೋಜಕವಾಗುತ್ತದೆ. ಅದೃಷ್ಟಕ್ಕೆ ಅಗ್ಗವಾದದ್ದೂ ಕೃತಕ ನೂಲಿನದೇ.

4. ದೀಪ

ಇಳಿಯುವುದು ತಡವಾದರೆ ಕಾಪಾಡುವುದು ದೀಪ. ಮೊಬೈಲ್ ಫೋನನ್ನು ದೀಪವೆಂದು ನಂಬಬೇಡಿ. ಸಹಾಯಕ್ಕೆ ಕರೆಯಲು ಅದರ ಬ್ಯಾಟರಿ ಉಳಿದಿರಬೇಕು. ಹಣೆಗೆ ಕಟ್ಟುವ ದೀಪವಾದರೆ ಎರಡೂ ಕೈ ಬಿಡುವಾಗಿರುತ್ತವೆ. ಅದರ ಮೇಲೆ ಐಪಿಎಕ್ಸ್4 ಎಂದಿದ್ದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಡೆಯುತ್ತದೆಂದು ಅರ್ಥ. ಐಪಿಎಕ್ಸ್7 ಇದ್ದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ. ಸಾವಿರಾರು ಲುಮೆನ್ ಎಂದು ಕೂಗುವ ಹೆಸರಿಲ್ಲದ ದೀಪಗಳನ್ನು ನಂಬಬಾರದು. ತಂದ ದಿನವೇ ಪೂರ್ತಿ ಚಾರ್ಜು ಮಾಡಿ, ಕತ್ತಲೆ ಕೋಣೆಯಲ್ಲಿ ಹಚ್ಚಿಟ್ಟು ಎಷ್ಟು ಗಂಟೆ ಉರಿಯುತ್ತದೆಂದು ಬರೆದಿಡಿ. ಆನೆ, ಕಾಟಿಗಳ ಭಯವಿರುವ ಕಡೆ ತೋಟದ ಕಾವಲಿಗೂ ಈ ದೀಪ ಉಪಯುಕ್ತ.

5. ಧಾರಾಳವಾಗಿ ಉಳಿಸಬಹುದಾದವು

ಬೆನ್ನುಚೀಲ: ತೀರಿಸುವ ಮಾಲಿನಲ್ಲಿ ಒಳ್ಳೆಯದು ಸಿಗುತ್ತದೆ. ಹೆಗಲಪಟ್ಟಿ ಚೀಲಕ್ಕೆ ಸೇರುವಲ್ಲಿ ಹೊಲಿಗೆ ಅಡ್ಡಲಾಗಿ ಹಲವು ಸಲ ಹಾದಿರಬೇಕು. ಸೊಂಟದ ಪಟ್ಟಿ ಇರಬೇಕು. ಜಿಪ್ಪನ್ನು ಹತ್ತು ಸಲ ಎಳೆದು ನೋಡಿ. ಹೊರಗಿನ ಮಳೆ ಹೊದಿಕೆಗೆ ಬೇರೆ ಹಣ ಕೊಡುವ ಬದಲು ಒಳಗೆ ದಪ್ಪನೆಯ ಹೊಸ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಕಟ್ಟಿದರೆ ಸಾಮಾನು ಒಣಗಿಯೇ ಇರುತ್ತದೆ. ಗೊಬ್ಬರ, ಔಷಧಿಯ ಹಳೆಯ ಚೀಲ ಮಾತ್ರ ಬೇಡ.

ಹಾಸು: ಸಾದಾ ಫೋಮಿನ ಸುರುಳಿ ಹಾಸು ಅಗ್ಗ, ಹಗುರ, ತೂತಾಗುವ ಭಯವಿಲ್ಲ. ಊರುಗೋಲು: ಬಿದಿರಿನದೋ ಗಟ್ಟಿ ಕಾಡುಕೋಲೋ ಮನೆಯಲ್ಲೇ ಇದೆ. ತಟ್ಟೆ, ಲೋಟ, ಬಾಟಲಿ: ಅಡಿಗೆಮನೆಯವು ಸಾಕು.

ಡೇರೆ: ಇದನ್ನು ಎಲ್ಲರೂ ಮೊದಲು ಕೊಳ್ಳುತ್ತಾರೆ, ಕೊಳ್ಳಬೇಕಾದದ್ದು ಕೊನೆಗೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದಂಥ ಕಾಡುಗಳಲ್ಲಿ ರಾತ್ರಿ ಡೇರೆ ಹಾಕಲು ಅವಕಾಶವೇ ಇಲ್ಲ. ರಾಜ್ಯದ ಅನೇಕ ಚಾರಣ ದಾರಿಗಳಿಗೆ 2024ರಿಂದ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಗಡವಾಗಿ ಹೆಸರು ನೋಂದಾಯಿಸಬೇಕಾಗಿದೆ. ಹೊರಡುವ ಮೊದಲು ಅದನ್ನು ವಿಚಾರಿಸಿ. ಹೋಂಸ್ಟೇ ಅಂಗಳಕ್ಕೆ ಬೇಕೆಂದಾದರೆ ಎರಡು ಪದರದ ಡೇರೆ ಕೊಳ್ಳಿ. ಒಂದೇ ಪದರದ್ದರಲ್ಲಿ ಒಳಗಿನವರ ಉಸಿರೇ ನೀರಾಗಿ ತೊಟ್ಟಿಕ್ಕುತ್ತದೆ. ಡೇರೆಯೊಳಗೆ ಗ್ಯಾಸ್ ಒಲೆಯಾಗಲಿ ಇದ್ದಿಲಿನ ಅಗ್ಗಿಷ್ಟಿಕೆಯಾಗಲಿ ಕೂಡವೇ ಕೂಡದು. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

6. ಬಿಲ್ಲು ಕೇಳಿ

ಅಗ್ಗದ ಅಂಗಡಿಗಳಲ್ಲಿ ‘ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಫಲಕ ತೂಗುಹಾಕಿರುತ್ತಾರೆ. ಅದಕ್ಕೆ ಹೆದರಬೇಕಾಗಿಲ್ಲ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ ಮೂವತ್ತು ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅನುಚಿತ ವ್ಯಾಪಾರ ಪದ್ಧತಿಯೆಂದು ಹೆಸರಿಸಿದೆ. ಆದರೆ ಇದಕ್ಕೆ ಬಿಲ್ಲು ಬೇಕು. ಬಿಲ್ಲಿಲ್ಲದೆ ಇನ್ನೂ ನೂರು ರೂಪಾಯಿ ಕಡಿಮೆ ಮಾಡುತ್ತೇನೆಂದರೆ ಒಪ್ಪಬೇಡಿ. ಅಂಗಡಿಯವರು ಕೇಳದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಬಹುದು. ಹಾಗೆಯೇ, ತಂದ ವಸ್ತುವನ್ನು ಈ ಅವಧಿಯೊಳಗೇ ಬಳಸಿ ನೋಡಬೇಕು. ಮೂರು ವರ್ಷ ಅಟ್ಟದಲ್ಲಿಟ್ಟವನಿಗೆ ಯಾವ ಕಾಯಿದೆಯೂ ನೆರವಿಗೆ ಬಾರದು.

7. ಜೋಪಾನ

ಬೆಲೆಬಾಳುವ ಸಾಮಾನನ್ನೂ ಮಲೆನಾಡಿನ ಮಳೆಗಾಲ ತಿಂದುಹಾಕುತ್ತದೆ. ಮಳೆ ಅಂಗಿ, ಡೇರೆಗಳ ಒಳಮೈಗೆ ಬಳಿದ ಲೇಪವೂ ಅನೇಕ ವೇಳೆ ಪಾಲಿಯುರಿಥೇನೇ. ಒದ್ದೆ ಮಡಿಚಿಟ್ಟರೆ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಬೆಟ್ಟದಿಂದ ಬಂದ ಮರುದಿನವೇ ತೊಳೆದು ನೆರಳಿನಲ್ಲಿ ಒಣಗಿಸಿ. ಶೂವನ್ನು ಒಲೆಯ ಪಕ್ಕ ಇಡಬೇಡಿ, ಅಂಟು ಬಿಡುತ್ತದೆ. ಹಳೆಯ ಪತ್ರಿಕೆ ತುರುಕಿ ಗಾಳಿಯಾಡುವಲ್ಲಿ ಇಡಿ. ಡಬ್ಬದಲ್ಲಿ ಕಟ್ಟಿಡದೆ ಆಗಾಗ ಹಾಕಿಕೊಂಡು ಓಡಾಡಿ. ದೀಪದ ಸೆಲ್ಲು ತೆಗೆದಿಡಿ. ಮಲಗುವ ಚೀಲವನ್ನು ಬಿಗಿಯಾಗಿ ತುರುಕಿಡದೆ ಸಡಿಲವಾಗಿ ತೂಗುಹಾಕಿ.

ಕೊನೆಯದಾಗಿ ಒಂದು ಸೂಚನೆ. ಡೇರೆ, ಮಲಗುವ ಚೀಲ ಮುಂತಾದವು ವರ್ಷಕ್ಕೆ ಎರಡು ದಿನ ಬೇಕಾಗುವ ವಸ್ತುಗಳು. ಮನೆಮನೆಯವರೂ ಕಳಪೆಯದನ್ನು ಕೊಂಡು ಬೂಷ್ಟು ಹಿಡಿಸುವುದಕ್ಕಿಂತ, ಸಂಘದಲ್ಲೇ ಒಳ್ಳೆಯ ಐದಾರು ಸೆಟ್ಟುಗಳನ್ನು ಇಟ್ಟು ಅಲ್ಪ ಬಾಡಿಗೆಗೆ ಸದಸ್ಯರಿಗೆ ಕೊಡಬಹುದೇ? ದುಬಾರಿ ಯಂತ್ರಗಳನ್ನು ಹಂಚಿಕೊಂಡು ಬಳಸುವುದು ಸಹಕಾರಿಗಳಾದ ನಮಗೆ ಹೊಸದಲ್ಲ. ಈ ಬಗ್ಗೆ ಸದಸ್ಯರು ಅಭಿಪ್ರಾಯ ತಿಳಿಸಿದರೆ ಆಡಳಿತ ಮಂಡಳಿಯ ಮುಂದಿಡುತ್ತೇನೆ. ಶೂವನ್ನು ಮಾತ್ರ ಹಂಚಿಕೊಳ್ಳಲಾಗದು; ಅದನ್ನು ಅವರವರ ಕಾಲಿಗೆ ಅವರವರೇ ನೋಡಿ ಕೊಳ್ಳಬೇಕು.

ಅಟ್ಟೆ ಕಿತ್ತ ಆ ಶೂ ಜೊತೆಯನ್ನು ನಾನು ಎಸೆದಿಲ್ಲ, ಕಛೇರಿಯ ಕಪಾಟಿನ ಮೇಲಿಟ್ಟಿದ್ದೇನೆ. ಈ ಬಾರಿ ಮಕ್ಕಳು ಬೆಟ್ಟಕ್ಕೆ ಹೊರಡುವ ಮುನ್ನ ಅವರ ಶೂವನ್ನು ಒಮ್ಮೆ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಹೇಗೆ ನೋಡುವುದೆಂದು ತಿಳಿಯದಿದ್ದರೆ ಕಛೇರಿಗೆ ಬನ್ನಿ, ತೋರಿಸುತ್ತೇನೆ.

— ಕಾರ್ಯದರ್ಶಿ